ಮೆಡಿಸೆಪ್ ಚಿಟ್ಟಿ ಅಲ್ಲ ಮಾರಾಯ್ರೇ

ಪ್ರಶ್ನೆ: ಗ್ರಾಮ ಪಂಚಾಯತಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ನಾನು. ಕೇರಳ ಸರಕಾರದ ನೌಕರರ, ಪೆನ್ಶನರ ಆರೋಗ್ಯ ವಿಮೆ ಮೆಡಿಸೆಪ್ ಶುರುವಾದಾಗಿನಿಂದ ತಿಂಗಳು ತಿಂಗಳು ಪೆನ್ಶನ್‌ನಿಂದ ದುಡ್ಡು ಹೋಗುತ್ತಿದೆ. ನಾನಾಗಲಿ ಹೆಂಡತಿಯಾಗಲಿ ಒಂದು ದಿನವೂ ಆಸ್ಪತ್ರೆಗೆ ಸೇರಿಲ್ಲ. ಕಟ್ಟಿದ್ದು ವಾಪಸ್ ಸಿಗುತ್ತದಾ? ಯೋಜನೆಯಿಂದ ಹೊರಗೆ ಬರಬಹುದಾ? ಸರಕಾರದ ಪಾಲು ಎಷ್ಟು? (ಬದಿಯಡ್ಕ)

ಉತ್ತರ: ಈ ತಿಂಗಳು ಇದೇ ಪ್ರಶ್ನೆ ನಾಲ್ಕನೇ ಸಲ ಬಂತು. ಉತ್ತರ ಇಷ್ಟೇ: ಇಲ್ಲ, ಇಲ್ಲ, ಸೊನ್ನೆ.

ಕೊನೆಯದನ್ನು ಮೊದಲು ಹೇಳುತ್ತೇನೆ. ‘ಸರಕಾರ ಕೊಡುವ ವಿಮೆ’ ಅಂತ ಎಲ್ಲರೂ ಹೇಳುತ್ತಾರೆ. ಕೊಡುವವರು ನೀವೇ. 2022ರ ಜುಲೈ 1ರಂದು ಯೋಜನೆ ಶುರುವಾದಾಗ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ. ಅದರಲ್ಲಿ ವಿಮಾ ಕಂಪೆನಿಗೆ 4,800, ಅದರ ಮೇಲೆ 18 ಶೇಕಡಾ ಜಿಎಸ್‌ಟಿ 864. ಉಳಿದ 336 ರೂಪಾಯಿ ಅಂಗಾಂಗ ಕಸಿಯಂತಹ ದೊಡ್ಡ ಚಿಕಿತ್ಸೆಗೆ ಇಟ್ಟ ನಿಧಿಗೆ. ಈ ಲೆಕ್ಕದಲ್ಲಿ ಸರಕಾರದ ಹೆಸರು ಎಲ್ಲಾದರೂ ಕಾಣಿಸಿತಾ? ತೆರಿಗೆ ತಗೊಳ್ಳುವ ಕಡೆ ಮಾತ್ರ. ಪೆನ್ಶನರ ಸಂಘದವರು ಇದಕ್ಕೆ ಗಲಾಟೆ ಮಾಡಿದರೆ ತಪ್ಪಿಲ್ಲ, ಮಾಡಲಿ.

ಆದರೆ ‘ವಾಪಸ್ ಕೊಡಿ’ ಅನ್ನುವುದು ಬೇರೆ ಮಾತು. ಇದೇನು ಚಿಟ್ಟಿ ಫಂಡಾ, ಸರದಿ ಬಂದಾಗ ಎತ್ತಿಕೊಳ್ಳಲು? ಕಳೆದ ಮಳೆಗಾಲದಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ನಿಮ್ಮ ಪಕ್ಕದ ಪಂಚಾಯತಿನ ಯಾರದೋ ಬಿಲ್ಲಿಗೆ ನಿಮ್ಮ ದುಡ್ಡು ಹೋಯಿತು. ನಾಳೆ ನಿಮ್ಮ ಬಿಲ್ಲಿಗೆ ಇನ್ನೊಬ್ಬರದು ಬರುತ್ತದೆ.

ಇನ್ನು ಹೊರಗೆ ಬರುವ ವಿಷಯ. ಈ ಯೋಜನೆ ಕಡ್ಡಾಯ. ಅದು ಕಡ್ಡಾಯ ಆಗಿರುವುದೇ ನಿಮ್ಮ ಪುಣ್ಯ. ಸ್ವಲ್ಪ ಯೋಚನೆ ಮಾಡಿ. ಇಪ್ಪತ್ತೆಂಟು ವರ್ಷದ ಟೀಚರೂ ನೀವೂ ಕಟ್ಟುವುದು ಒಂದೇ ಮೊತ್ತ. ಆಸ್ಪತ್ರೆಗೆ ಜಾಸ್ತಿ ಹೋಗುವುದು ಯಾರು? ನಾವು, ಮುದುಕರು. ಬಿಡುವವರು ಬಿಡಲಿ ಅಂತ ಬಾಗಿಲು ತೆರೆದರೆ ಆ ಟೀಚರು ಮೊದಲು ಓಡುತ್ತಾರೆ. ಉಳಿಯುವವರು ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿಯವರು ಮಾತ್ರ. ಆಮೇಲೆ ಪ್ರೀಮಿಯಂ ಎಲ್ಲಿಗೆ ಏರುತ್ತದೆ ಅಂತ ಕೇಳಬೇಡಿ. ವಯಸ್ಸಿನ ಮಿತಿ ಇಲ್ಲದೆ, ಹಳೆ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಕೊಡುವ ಪಾಲಿಸಿ 70 ದಾಟಿದವರಿಗೆ ಹೊರಗೆ ಈ ದುಡ್ಡಿಗೆ ಸಿಗುತ್ತದಾ, ನೀವೇ ವಿಚಾರಿಸಿ ನೋಡಿ.

ನೀವು ಕೇಳದ, ಆದರೆ ಕೇಳಬೇಕಾಗಿದ್ದ ಒಂದು ವಿಷಯ ಇದೆ. ದುಡ್ಡು ಹೋದ ಮಾತ್ರಕ್ಕೆ ಹೆಸರು ಪಟ್ಟಿಯಲ್ಲಿ ಇದೆ ಅಂತ ಅಲ್ಲ. ಒಬ್ಬರು ನಿವೃತ್ತ ನಗರಸಭೆ ನೌಕರರ ಕಾಗದ ನಾನೇ ನೋಡಿದ್ದೇನೆ. ಪೆನ್ಶನ್ ಪುಸ್ತಕದಲ್ಲಿ ‘ನಾಯ್ಕ’, ಆಧಾರಿನಲ್ಲಿ ‘ನಾಯಕ್’. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದರೆ ಇದೇ ಗತಿ. ಹೆಂಡತಿಯ ಹುಟ್ಟಿದ ದಿನ ಬೇರೆ ತಪ್ಪು. ಗೊತ್ತಾದದ್ದು ಆಸ್ಪತ್ರೆಯ ಕೌಂಟರಿನಲ್ಲಿ, ರಾತ್ರಿ ಹತ್ತು ಗಂಟೆಗೆ. ಅದಕ್ಕೇ ಹೇಳುವುದು, ಈ ವಾರವೇ ಕಾರ್ಡು ತೆಗೆಸಿ. ಎರಡೂ ಹೆಸರು, ಹುಟ್ಟಿದ ದಿನಾಂಕ ಬೆರಳಿಟ್ಟು ಓದಿ. ತಪ್ಪಿದ್ದರೆ ಪೆನ್ಶನ್ ಕೊಡುವ ಕಚೇರಿಗೆ ಬರೆದುಕೊಡಿ, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ: ಮಂಗಳೂರಿನ ಯಾವ ಆಸ್ಪತ್ರೆಗೂ ಹೋಗಬಹುದಾ? (ಉಪ್ಪಳ)

ಉತ್ತರ: ಇಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆ ಮಾತ್ರ, ಅದರಲ್ಲೂ ಪಟ್ಟಿಯಲ್ಲಿರುವ ವಿಭಾಗ ಮಾತ್ರ. ಕಣ್ಣಿಗೆ ಇದೆ ಅಂದರೆ ಹೃದಯಕ್ಕೂ ಇದೆ ಅಂತಲ್ಲ. ಪಟ್ಟಿಯ ಹೊರಗೆ ದುಡ್ಡು ವಾಪಸ್ ಸಿಗುವುದು ಅಪಘಾತ, ಹೃದಯಾಘಾತ, ಪಾರ್ಶ್ವವಾಯುವಿನಂತಹ ತುರ್ತಿಗೆ. ಗಡಿಯ ತಲಪಾಡಿ ದಾಟುವ ಮೊದಲು ಫೋನ್ ಮಾಡಿ ಕೇಳಿ.

ಪ್ರಶ್ನೆ: ಆರೋಗ್ಯ ವಿಮೆಗೆ ಜಿಎಸ್‌ಟಿ ಹೋಯಿತಲ್ಲ, ಆಗ ನಮ್ಮದು ಯಾಕೆ ಇಳಿಯಲಿಲ್ಲ? (ಕುಂಬಳೆ)

ಉತ್ತರ: 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಹೋದದ್ದು ಒಬ್ಬೊಬ್ಬರೇ, ಇಲ್ಲವೇ ಮನೆಯವರ ಹೆಸರಿಗೆ ತಗೊಳ್ಳುವ ಪಾಲಿಸಿಗೆ. ಮೆಡಿಸೆಪ್ ಗುಂಪು ವಿಮೆ, ಅದಕ್ಕೆ ಆ ವಿನಾಯಿತಿ ಇರಲಿಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನು ನನಗೆ ಕಳಿಸಬೇಡಿ.

ಪ್ರಶ್ನೆ: ಜೊತೆಗೆ ಒಂದು ಖಾಸಗಿ ಪಾಲಿಸಿ ಮಾಡುವವನಿದ್ದೇನೆ. ಶುಗರ್ ಇರುವುದನ್ನು ಬರೆಯಬೇಡಿ ಅಂತ ಏಜೆಂಟ್ ಹೇಳುತ್ತಾನೆ. (ಮುಳ್ಳೇರಿಯ)

ಉತ್ತರ: ಅವನಿಗೆ ಕಮಿಷನ್ ಇವತ್ತು ಸಿಗುತ್ತದೆ, ನಿಮ್ಮ ಕ್ಲೇಮು ಬರುವುದು ಎರಡು ವರ್ಷ ಕಳೆದು. ಮುಚ್ಚಿಟ್ಟದ್ದು ಸಿಕ್ಕಿದರೆ ಕಂಪೆನಿ ಕೈ ಎತ್ತುತ್ತದೆ. ಬರೆದರೆ ಆ ಕಾಯಿಲೆಯ ಕ್ಲೇಮಿಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. ಏಜೆಂಟನ್ನು ಬದಲಾಯಿಸಿ.