ಮೇಷ್ಟ್ರ ಕಾಗದಕ್ಕೆ ಉತ್ತರ: ಅಡುಗೆಮನೆ ಟೇಬಲ್‌ಗೆ ಬಂದ ಸರ್ಕಾರ

ದಾವಣಗೆರೆಯಿಂದ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದಾರೆ. ಮಗ ನೆದರ್‌ಲ್ಯಾಂಡ್ಸ್‌ನ ದಕ್ಷಿಣದ ಕಡೆ ಒಂದು ಊರಲ್ಲಿ ಏಳು ವರ್ಷದಿಂದ ಕೆಲಸದಲ್ಲಿದಾನೆ, ಹೋದ ಬೇಸಿಗೇಲಿ ಇವರು ಮೂರು ತಿಂಗಳು ಅಲ್ಲಿದ್ದು ಬಂದ್ರಂತೆ. ಪಕ್ಕದ್ಮನೆ ಅಜ್ಜಿಗೆ 80 ದಾಟಿದೆ, ಒಬ್ಬರೇ ಇರ್ತಾರೆ. ಒಂದಿನ ಇವರು ಅಲ್ಲಿ ಟೀಗೆ ಅಂತ ಹೋಗಿದ್ದಾಗ ಗೆಮೇಂಟೆ ಕಡೆಯಿಂದ, ಅಂದ್ರೆ ನಮ್ಮ ಪುರಸಭೆ ಇದ್ದಂಗೆ ಅಲ್ಲಿನ ಊರಾಡಳಿತದ ಕಡೆಯಿಂದ, ಒಬ್ಬ ಹೆಣ್ಣುಮಗಳು ಬಂದು ಅಡುಗೆಮನೆ ಟೇಬಲ್ ಹತ್ರ ಕೂತು ಒಂದು ಗಂಟೆ ಮಾತಾಡಿದ್ಲಂತೆ. ಅದನ್ನ ನೋಡಿ ಬಂದ ಮೇಷ್ಟ್ರು ನನ್ನ ಎರಡು ತಿಂಗಳ ಹಿಂದಿನ ಸಂಪಾದಕೀಯ ಓದಿ ಬೇಜಾರು ಮಾಡ್ಕೊಂಡಿದಾರೆ. "ಸರ್ಕಾರವೇ ಮನೆಗೆ ಬಂದು ಟೀ ಕುಡಿಯುವ ದೇಶದಲ್ಲಿ ಕಲ್ಯಾಣ ರಾಜ್ಯ ಸೊರಗುತ್ತಿದೆ ಎಂದು ಹೇಗೆ ಬರೆದಿರಿ? ಮೇಲಿನವರು ಅಧಿಕಾರವನ್ನು ಊರಿಗೆ ಬಿಟ್ಟುಕೊಟ್ಟರೆ ಅದು ಒಳ್ಳೆಯದಲ್ಲವೇ? ನಮ್ಮ ಪಂಚಾಯ್ತಿ ವಿಷಯದಲ್ಲಿ ನೀವೇ ಅದನ್ನು ಕೇಳುತ್ತೀರಲ್ಲ?" ಅನ್ನೋದು ಅವರ ಪ್ರಶ್ನೆ. ಕೊನೇಲಿ ಮಗನ ಬಗ್ಗೆ ಇನ್ನೊಂದು ಪ್ರಶ್ನೆ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ಎರಡು ಸಲ ಓದಿದೆ. ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗಳನ್ನ ನೀವು ಒಂದೂ ಬಿಡದೆ ಬರೆದಿದೀರ, ಅದಕ್ಕೆ ದೊಡ್ಡ ಥ್ಯಾಂಕ್ಸ್. ಬಕೆಟ್ ಎತ್ತೋಕಾಗತ್ತಾ, ಬಚ್ಚಲುಮನೆ ಯಾರು ತೊಳೀತಾರೆ, ಮಗಳ ಮನೆ ಎಷ್ಟು ದೂರ, ವಾರಕ್ಕೆ ಎಷ್ಟು ಸಲ ಬರ್ತಾಳೆ, ಸಾಮಾನು ತಂದುಕೊಡೋಕೆ ಅಕ್ಕಪಕ್ಕದೋರು ಯಾರಾದ್ರೂ ಇದಾರಾ. ನಿಮಗೆ ಇದ್ರಲ್ಲಿ ಅಕ್ಕರೆ ಕಾಣಿಸ್ತು, ಅದು ಸುಳ್ಳಲ್ಲ. ಆದ್ರೆ ಅದೇ ಪ್ರಶ್ನೆಗಳನ್ನ ಇನ್ನೊಂದ್ಸಲ ಓದಿ ನೋಡಿ. ಮಗಳು ವಾರಕ್ಕೆರಡು ಸಲ ಬರ್ತಾಳೆ ಅಂದ ತಕ್ಷಣ ಅಜ್ಜಿಗೆ ಸಿಗೋ ಸಹಾಯದಲ್ಲಿ ಒಂದು ಗಂಟೆ ಕಮ್ಮಿ ಮಾಡಬಹುದು, ಪಕ್ಕದ್ಮನೆ ಸೊಸೆ ಸಾಮಾನು ತಂದುಕೊಡ್ತಾಳೆ ಅಂದ್ರೆ ಇನ್ನೊಂದಿಷ್ಟು ಕಮ್ಮಿ ಮಾಡಬಹುದು. ಅಜ್ಜಿಗೆ ಏನು ಬೇಕು ಅಂತ ತಿಳ್ಕೊಳ್ಳೋಕೂ ಹಿಂಗೇ ಕೇಳ್ತಾರೆ, ಎಷ್ಟು ಕಮ್ಮಿ ಕೊಟ್ರೆ ನಡೆಯತ್ತೆ ಅಂತ ಲೆಕ್ಕ ಹಾಕೋಕೂ ಹಿಂಗೇ ಕೇಳ್ತಾರೆ. ಯಾವುದಕ್ಕೆ ಅನ್ನೋದು ಪಾಪ ಆ ಹುಡುಗಿ ಕೈಲಿಲ್ಲ. ಆ ಊರಿನ ಖಜಾನೇಲಿ ಎಷ್ಟಿದೆ, ಅಲ್ಲಿ ಅಧಿಕಾರದಲ್ಲಿರೋರು ಎಂಥೋರು ಅನ್ನೋದರ ಮೇಲಿದೆ.

ಈ ಟೇಬಲ್ ಮಾತುಕತೆ ಮನೆಮನೆಗೆ ಬಂದಿದ್ದು ಹೆಂಗೆ ಅಂತ ಹೇಳ್ತೀನಿ. 2013ರ ಸೆಪ್ಟೆಂಬರ್‌ನಲ್ಲಿ ರಾಜ ವಿಲ್ಲೆಮ್ ಅಲೆಕ್ಸಾಂಡರ್ ಪಾರ್ಲಿಮೆಂಟ್ ಮುಂದೆ ತನ್ನ ಮೊದಲ ಸಿಂಹಾಸನದ ಭಾಷಣ ಓದಿದ್ರು, ಅದನ್ನ ಬರೆದುಕೊಡೋದು ಸರ್ಕಾರಾನೇ, ಆಗ ಮಾರ್ಕ್ ರುಟ್ಟೆ ಪ್ರಧಾನಿ. ಹಳೇ ಮಾದರಿ ಕಲ್ಯಾಣ ರಾಜ್ಯ ನಿಧಾನಕ್ಕೆ ಭಾಗವಹಿಸುವ ಸಮಾಜ ಆಗಿ ಬದಲಾಗ್ತಿದೆ ಅಂತ ಅದರಲ್ಲಿತ್ತು. ಅಂದ್ರೆ ಜನ ಮೊದಲು ತಾವು ನೋಡ್ಕೊಳ್ಳಿ, ಮನೆಯೋರು ನೋಡ್ಕೊಳ್ಳಲಿ, ನೆರೆಹೊರೆ ನೋಡ್ಕೊಳ್ಳಲಿ, ಆಮೇಲೆ ಸರ್ಕಾರ. 2015ರ ಜನವರಿ 1ಕ್ಕೆ ಮೂರು ದೊಡ್ಡ ಜವಾಬ್ದಾರಿ ಒಟ್ಟೊಟ್ಟಿಗೆ ಗೆಮೇಂಟೆಗಳ ತಲೆ ಮೇಲೆ ಬಿತ್ತು: ವಯಸ್ಸಾದೋರು, ಅಂಗವಿಕಲರಿಗೆ ಮನೇಲಿ ಸಹಾಯ, ಮಕ್ಕಳು ಮತ್ತೆ ಹದಿಹರೆಯದೋರ ಆರೈಕೆ, ಕೆಲಸ ಇಲ್ಲದೋರಿಗೆ ಕೆಲಸ ಅಥವಾ ಜೀವನಾಧಾರದ ಹಣ. ಇದ್ರಲ್ಲಿ ಮನೆಕೆಲಸದ ಸಹಾಯ, ಮತ್ತೆ ಈ ಕೊನೇದರ ಬಹುಪಾಲು ಮೊದಲೇ ಅವರ ಹತ್ರ ಇತ್ತು, ಈಗ ಹೊಣೆ ಇನ್ನೂ ದೊಡ್ಡದಾಯ್ತು. ಆಗ ಇದ್ದಿದ್ದು 393 ಗೆಮೇಂಟೆ, ಆಮೇಲೆ ಒಂದಕ್ಕೊಂದು ಸೇರ್ಕೊಂಡು ಈಗ ಸುಮಾರು 340 ಆಗಿವೆ. ಸಾವಿರ ಜನಾನೂ ಇಲ್ಲದ ಸ್ಕಿರ್ಮೊನಿಕೋಗ್ ಅನ್ನೋ ದ್ವೀಪಕ್ಕೂ ಒಂಬತ್ತು ಲಕ್ಷ ಜನ ದಾಟಿದ ಆಮ್‌ಸ್ಟರ್‌ಡ್ಯಾಮ್‌ಗೂ ಒಂದೇ ಕಾನೂನು, ಒಂದೇ ಹೊಣೆ.

ಊರಿನ ಕಷ್ಟ ಊರಿನೋರಿಗೇ ಚೆನ್ನಾಗಿ ಗೊತ್ತಿರತ್ತೆ ಅನ್ನೋ ವಾದ ನಾನೂ ಒಪ್ತೀನಿ ಮೇಷ್ಟ್ರೇ, ಮನಸ್ಸಾರೆ ಒಪ್ತೀನಿ. ಆದ್ರೆ ಜವಾಬ್ದಾರಿ ಕೊಡುವಾಗ್ಲೇ ದುಡ್ಡು ಕತ್ತರಿಸಿದ್ರು. ಮಕ್ಕಳ ಆರೈಕೆ ಬಜೆಟ್‌ನಲ್ಲೇ ಸುಮಾರು 15 ಪರ್ಸೆಂಟ್ ಇಳಿಸೋ ಪ್ಲ್ಯಾನ್. ಹತ್ರದಿಂದ ಮಾಡಿದ್ರೆ ಅಗ್ಗ ಆಗತ್ತೆ ಅಂತ ಮೊದಲೇ ಲೆಕ್ಕ ಬರೆದುಬಿಟ್ರು. ಗೆಮೇಂಟೆಗೆ ಸ್ವಂತ ಆದಾಯ ಅಂತ ಇರೋದು ಮನೆ ತೆರಿಗೆ ಥರದ್ದು, ಅದು ಸಣ್ಣ ಪಾಲು, ದೊಡ್ಡ ಪಾಲು ಹೇಗ್‌ನಿಂದ, ಅಂದ್ರೆ ಅಲ್ಲಿನ ಕೇಂದ್ರ ಸರ್ಕಾರ ಕೂತಿರೋ ಊರಿಂದ, ಬರೋ ಅನುದಾನ. ಹೇಗ್ ಕಡಿಮೆ ಮಾಡಿದ್ರೆ ಇವ್ರು ಲೈಬ್ರರಿ ಮುಚ್ಚಬೇಕು, ಈಜುಕೊಳ ಮುಚ್ಚಬೇಕು, ಇಲ್ಲಾ ಆ ಅಜ್ಜಿಯ ಗಂಟೆ ಕಡಿಮೆ ಮಾಡಬೇಕು.

ಗಂಟೆ ಕಡಿಮೆ ಮಾಡಿದ್ದು ಹೆಂಗೆ ಗೊತ್ತಾ? ಕೆಲವು ಊರಲ್ಲಿ ವಾರಕ್ಕೆ ಇಷ್ಟು ಗಂಟೆ ಅಂತ ಬರೆಯೋದನ್ನೇ ಬಿಟ್ಟು 'ಶುಚಿಯಾದ, ವಾಸಕ್ಕೆ ಯೋಗ್ಯವಾದ ಮನೆ' ಸಿಗತ್ತೆ ಅಂತ ಆದೇಶದಲ್ಲಿ ಬರೆದ್ರು. ಅದಕ್ಕೆ ಎಷ್ಟು ಹೊತ್ತು ಬೇಕು ಅಂತ ಕೆಲಸದ ಏಜೆನ್ಸಿ ನೋಡ್ಕೊಳತ್ತೆ. ಮೊಣಕಾಲು ಬಗ್ಗದ 80ರ ಮುದುಕಿ, ನನ್ನ ಮನೆ ಶುಚಿ ಇಲ್ಲ ಅಂತ ಯಾರ ಹತ್ರ ವಾದ ಮಾಡ್ಬೇಕು? ಎಷ್ಟೋ ಜನ ಕೋರ್ಟಿಗೆ ಹೋದ್ರು. 2016ರ ಮೇ ತಿಂಗಳಲ್ಲಿ ಇಂಥ ವ್ಯಾಜ್ಯಗಳಿಗಿರೋ ಮೇಲಿನ ನ್ಯಾಯಾಲಯ, ಸರಿಯಾಗಿ ವಿಚಾರಿಸಿ ನೋಡದೆ ಮನೆಕೆಲಸದ ಸಹಾಯ ಕಡಿತ ಮಾಡೋ ಹಾಗಿಲ್ಲ ಅಂತ ಗೆಮೇಂಟೆಗಳಿಗೆ ಹೇಳ್ತು. ನನಗೆ ಇಲ್ಲಿ ಹೊಟ್ಟೆ ಉರಿಯೋದು ಯಾಕಂದ್ರೆ, ಅಜ್ಜಿಯಂದಿರು ಕೋರ್ಟ್ ಮೆಟ್ಟಿಲು ಹತ್ತಿ ಪಡೀಬೇಕಾದ ಮಾತಲ್ಲ ಇದು, ಊರಿನ ನಾಯಕ ಮೊದಲನೇ ದಿನಾನೇ ಹೇಳಬೇಕಾದ ಮಾತು.

ನಾಯಕ ಅಂದ್ರೆ ಅಲ್ಲಿ ಯಾರು ಅಂತ ನೀವು ಕೇಳಿದೀರ. ಮೇಯರ್‌ನ ಜನ ಆರಿಸಲ್ಲ, ಊರಿನ ಕೌನ್ಸಿಲ್ ಹೆಸರು ಸೂಚಿಸತ್ತೆ, ಸರ್ಕಾರ ಆರು ವರ್ಷಕ್ಕೆ ನೇಮಿಸತ್ತೆ. ಆದ್ರೆ ಕಲ್ಯಾಣದ ಕೆಲಸ ನಿಜವಾಗ್ಲೂ ಇರೋದು ವೆಟ್‌ಹೌಡರ್ ಅನ್ನೋರ ಕೈಲಿ, ಕೌನ್ಸಿಲ್ ಆರಿಸೋ ಊರಿನ ಮಂತ್ರಿಗಳು ಅನ್ಕೊಳ್ಳಿ. ಇವರ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಥರ. ಮಕ್ಕಳ ವಿಷಯಾನೇ ತಗೊಳ್ಳಿ: ಫ್ಯಾಮಿಲಿ ಡಾಕ್ಟರ್ ಒಂದು ಚೀಟಿ ಬರೆದ್ರೆ ಮಗು ನೇರವಾಗಿ ಚಿಕಿತ್ಸೆಗೆ ಹೋಗಬಹುದು, ಬಿಲ್ ಮಾತ್ರ ಗೆಮೇಂಟೆಗೆ. ತುಂಬಾ ತೊಂದರೇಲಿರೋ ಒಂದು ಮಗು ಸಂಸ್ಥೇಲಿ ಉಳಿದು ಚಿಕಿತ್ಸೆ ತಗೊಂಡ್ರೆ ವರ್ಷಕ್ಕೆ ಲಕ್ಷ ಯೂರೋ ದಾಟಬಹುದು, ಸಣ್ಣ ಊರಿಗೆ ಅಂಥ ಮೂರು ಮಕ್ಕಳಿದ್ರೆ ಬಜೆಟ್ ಅಲ್ಲಾಡಿಹೋಗತ್ತೆ. ಈಗ ಏಳು ಮಕ್ಕಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಥರದ ಈ ಆರೈಕೆ ನಡೀತಿದೆ. ಗೆಮೇಂಟೆಗಳು ಜಗಳ ಆಡಿ ಆಡಿ 2021ರಲ್ಲಿ ಪಂಚಾಯಿತಿ ಮಾಡಿಸಿದ್ರು, ಮಧ್ಯಸ್ಥರ ಸಮಿತಿ ಹೇಗ್‌ಗೆ 2022ಕ್ಕೆ ಅಂತ ಸುಮಾರು 1.9 ಬಿಲಿಯನ್ ಯೂರೋ ಜಾಸ್ತಿ ಕೊಡಿ ಅಂತು. ಅಷ್ಟಾದ್ರೂ ಮುಗೀಲಿಲ್ಲ. 2026ರಿಂದ ಅನುದಾನ ಸುಮಾರು 3 ಬಿಲಿಯನ್ ಇಳಿಯತ್ತೆ ಅಂತ ಲೆಕ್ಕ ಬಂದಾಗ ಊರಿನೋರು ಆ ವರ್ಷಕ್ಕೆ 'ಪ್ರಪಾತದ ವರ್ಷ' ಅಂತಲೇ ಹೆಸರಿಟ್ರು. ಆಮೇಲೆ ಸ್ವಲ್ಪ ತುಂಬಿಕೊಟ್ಟಿದಾರೆ, ಪೂರ್ತಿ ಅಲ್ಲ.

ದುಡ್ಡಿನ ಮಾತು ಒಂದು ಕಡೆ ಇರ್ಲಿ, ಮನಸ್ಸಿನ ಮಾತೂ ಇದೆ. 2020ರ ಕೊನೇಲಿ ವೈಡೆಮೇರನ್ ಅನ್ನೋ ಸಣ್ಣ ಗೆಮೇಂಟೆಯ ಸುದ್ದಿ ಇಡೀ ದೇಶ ಮಾತಾಡ್ತು. ಜೀವನಾಧಾರದ ಹಣದಲ್ಲಿದ್ದ ಒಬ್ಬ ಹೆಣ್ಣುಮಗಳಿಗೆ ಅವಳ ತಾಯಿ ವಾರ ವಾರ ಮನೆ ಸಾಮಾನು ತಂದುಕೊಡ್ತಿದ್ರು. ಅದನ್ನ ನಮಗೆ ತಿಳಿಸಿಲ್ಲ ಅಂತ ಗೆಮೇಂಟೆ ಸುಮಾರು 7,000 ಯೂರೋ ವಾಪಸ್ ಕೇಳ್ತು. ತಾಯಿ ಮಗಳಿಗೆ ತಂದ ಬ್ರೆಡ್ಡು, ಹಾಲು, ತರಕಾರಿ! ಒಂದು ಕಡೆ ಮನೆಯೋರು ಮನೆಯೋರನ್ನ ನೋಡ್ಕೊಳ್ಳಿ ಅಂತಾರೆ, ನೋಡ್ಕೊಂಡ್ರೆ ಬಿಲ್ ಕಳಿಸ್ತಾರೆ. ಕಾನೂನು ಹಂಗೇ ಇತ್ತು ಅನ್ನೋದು ನಿಜ, ಆದ್ರೆ ಅದೇ ಕಾನೂನು ಇಟ್ಕೊಂಡು ಎಷ್ಟೋ ಬೇರೆ ಊರುಗಳು ಸಣ್ಣಪುಟ್ಟ ಉಡುಗೊರೆ ಲೆಕ್ಕಕ್ಕೇ ತಗೊಳ್ತಿರ್ಲಿಲ್ಲ. ನಾನು ನಾಯಕತ್ವ ಅನ್ನೋದು ಇದಕ್ಕೇ. ಆ ಗಲಾಟೆ ಆದ್ಮೇಲೆ ಕಾನೂನು ತಿದ್ದೋ ಕೆಲಸ ಶುರು ಆಯ್ತು, ವರ್ಷಕ್ಕೆ 1,200 ಯೂರೋವರೆಗಿನ ಉಡುಗೊರೆಯ ಲೆಕ್ಕ ಕೇಳೋ ಹಾಗಿಲ್ಲ ಅನ್ನೋದು ತಿದ್ದುಪಡೀಲಿ ಸೇರ್ತು. ಆ ಕೆಲಸ ಕೈಗೆತ್ತಿಕೊಂಡ ಮಂತ್ರಿ ಕರೋಲಾ ಸ್ಕೌಟನ್ 2024ರಲ್ಲಿ ರಾಟರ್‌ಡ್ಯಾಮ್‌ನ ಮೇಯರ್ ಆದ್ರು. ಹೇಗ್‌ನಲ್ಲಿ ಕೂತು ನಿಯಮ ಬರೆದೋರು ಊರಿಗೆ ಬಂದು ಅದರ ಬಿಸಿ ನೋಡೋದು ಒಳ್ಳೇದೇ ಅನ್ನೋದು ನನ್ನ ಅಭಿಪ್ರಾಯ.

ಹಿಂದೆ ಇದು ಉಲ್ಟಾ ನಡೆದಿತ್ತು. ಡಚ್ಚರ ವೃದ್ಧಾಪ್ಯ ಪಿಂಚಣಿಗೆ ಅಡಿಪಾಯ ಹಾಕಿದ ವಿಲ್ಲೆಮ್ ಡ್ರೇಸ್ 1919ರಿಂದ ಹದಿನಾಲ್ಕು ವರ್ಷ ಹೇಗ್ ಊರಿನ ವೆಟ್‌ಹೌಡರ್ ಆಗಿದ್ರು, ಬಡತನ ಅವರಿಗೆ ಫೈಲ್ ಅಲ್ಲ, ಬೀದೀಲಿ ಕಂಡ ಮುಖ. ಮಂತ್ರಿ ಆದ್ಮೇಲೆ 1947ರಲ್ಲಿ ವಯಸ್ಸಾದೋರಿಗೆ ತುರ್ತು ಪಿಂಚಣಿ ತಂದ್ರು, ಜನ ಅದನ್ನ ಡ್ರೇಸ್ ದುಡ್ಡು ಅನ್ನೋ ಹಾಗೇ ಮಾತಾಡ್ತಿದ್ರು. ಆಮೇಲೆ ಮಾರ್ಗಾ ಕ್ಲೊಂಪೆ ಅನ್ನೋ ಮಂತ್ರಿ ತಂದು 1965ರಲ್ಲಿ ಜಾರಿಯಾದ ಕಾನೂನು, ಬಡವರಿಗೆ ಕೊಡೋದು ಚರ್ಚು, ಊರಿನೋರು ಹಾಕೋ ಭಿಕ್ಷೆ ಅಲ್ಲ, ಅದು ಹಕ್ಕು ಅಂತ ಮಾಡ್ತು. ನಾನು ಸಂಪಾದಕೀಯದಲ್ಲಿ ಸೊರಗ್ತಿದೆ ಅಂದಿದ್ದು ಈ ಹಕ್ಕು ಅನ್ನೋದನ್ನ. ಟೇಬಲ್ ಹತ್ರ ಕೂತು ಒಬ್ಬೊಬ್ಬರನ್ನೂ ನೋಡಿ ನಿರ್ಧಾರ ಮಾಡೋದು ಅಂದ್ರೆ ಒಂದೂರಲ್ಲಿ ಸಿಕ್ಕಿದ್ದು ಪಕ್ಕದೂರಲ್ಲಿ ಸಿಗದೇ ಇರಬಹುದು, ಬಾಯಿ ಇದ್ದೋರಿಗೆ ಜಾಸ್ತಿ, ನಾಚಿಕೆ ಪಡೋರಿಗೆ ಕಡಿಮೆ ಆಗಬಹುದು.

ಇನ್ನು ಪಂಚಾಯ್ತಿ ವಿಚಾರ. ನಮ್ಮ ಸಂವಿಧಾನದ 73ನೇ ತಿದ್ದುಪಡೀಲಿ ಪಂಚಾಯ್ತಿಗಳಿಗೆ 29 ವಿಷಯ ಬರೆದುಕೊಟ್ಟು ದುಡ್ಡು, ಸಿಬ್ಬಂದಿ ಮೇಲೇ ಇಟ್ಕೊಂಡಿದಾರೆ ಅಂತ ನಾನು ಬರೀತಾನೇ ಬಂದಿದೀನಿ. ಡಚ್ಚರ ಕತೆ ಓದಿದ್ಮೇಲೂ ಅದನ್ನೇ ಬರೀತೀನಿ, ಅಧಿಕಾರ ಊರಿಗೆ ಬೇಡ ಅಂತ ಅಲ್ಲ, ಗಂಟು ಜೊತೇಲೇ ಬರಲಿ ಅಂತ.

ನಿಮ್ಮ ಕೊನೇ ಪ್ರಶ್ನೆ: "ನನ್ನ ಮಗ ಅಲ್ಲಿ ಬರೀ ತೆರಿಗೆ ಕಟ್ಟಿಕೊಂಡು ಸುಮ್ಮನಿರಬೇಕೇ?" ಇಲ್ಲ ಮೇಷ್ಟ್ರೇ. ಅಲ್ಲಿನ ಪೌರತ್ವ ಇಲ್ಲದಿದ್ರೂ, ಐದು ವರ್ಷ ಬಿಡದೆ ಕಾನೂನು ಪ್ರಕಾರ ವಾಸ ಮಾಡಿದ ಹೊರದೇಶದೋರು ಗೆಮೇಂಟೆ ಚುನಾವಣೇಲಿ ವೋಟ್ ಹಾಕಬಹುದು, ಪಾರ್ಲಿಮೆಂಟಿಗೆ ಇಲ್ಲ, ಊರಿಗೆ ಇದೆ. ನಿಮ್ಮ ಮಗನಿಗೆ ಏಳು ವರ್ಷ ಆಗಿದೆ. ಚುನಾವಣೆ ನಾಲ್ಕು ವರ್ಷಕ್ಕೊಂದ್ಸಲ ಮಾರ್ಚ್‌ನಲ್ಲಿ, 2022ರಲ್ಲಿ ವೋಟ್ ಹಾಕಿದೋರು ಬರೀ ಅರ್ಧದಷ್ಟು ಜನ, 51 ಪರ್ಸೆಂಟ್. ವೋಟಿಂಗ್ ಕಾರ್ಡ್ ಪೋಸ್ಟಲ್ಲಿ ತಾನಾಗೇ ಮನೆಗೆ ಬರತ್ತೆ, ಡಚ್ ಭಾಷೇಲಿರತ್ತೆ, ಏನೋ ನೋಟಿಸ್ ಇರಬೇಕು ಅಂತ ಎತ್ತಿಟ್ಟು ಮರೆತುಬಿಡ್ತಾರೆ. ಮುಂದಿನ ಸಲ ಫೋನ್ ಮಾಡಿದಾಗ ಕೇಳಿ ನೋಡಿ. ಹಂಗೇ ಆ ಅಜ್ಜಿಗೆ ಕೊನೆಗೆ ವಾರಕ್ಕೆ ಎಷ್ಟು ಗಂಟೆ ಬರೆದುಕೊಟ್ರು ಅಂತಲೂ ಕೇಳಿ, ನನಗೆ ಎರಡು ಸಾಲು ಬರೀರಿ.

— ಸಂ.