ಡಿಎನ್‌ಎ ವರದಿ ಬಂದ ಮಾತ್ರಕ್ಕೆ ಮಗು ಅವನದಾಗುತ್ತಾ?

ಪ್ರಶ್ನೆ: ನನಗೆ ಮದುವೆಯಾಗಿಲ್ಲ. ಅತ್ಯಾಚಾರದಿಂದ ಹುಟ್ಟಿದ ಮಗಳಿಗೆ ಈಗ ಮೂರು ವರ್ಷ. ಕೇಸು ನಡೆಯುತ್ತಿದೆ, ಆರೋಪಿ ಜಾಮೀನಿನ ಮೇಲೆ ಹೊರಗಿದ್ದಾನೆ. ಡಿಎನ್‌ಎ ವರದಿಯಲ್ಲಿ ಅವನೇ ತಂದೆ ಎಂದು ಬಂದಿದೆ. ಅಂದಿನಿಂದ ಅವನ ಮನೆಯವರು, "ನಮ್ಮ ರಕ್ತ, ನಮಗೂ ಹಕ್ಕಿದೆ. ಮದುವೆಗೆ ಒಪ್ಪಿ, ಇಲ್ಲಾ ಮಗು ಕೊಡಿ" ಎಂದು ಹೇಳಿ ಕಳಿಸುತ್ತಿದ್ದಾರೆ. ನಾವು ಹಿಂದೂಗಳು. ಅವನ ಹಕ್ಕನ್ನು ಪೂರ್ತಿ ರದ್ದು ಮಾಡಿಸಬಹುದೇ?
– ಹೆಸರು ಬೇಡ

ಉತ್ತರ: ತಂಗೀ, ಮಗು ನಿಮ್ಮದು. ಯಾರೂ ಬಂದು ಎತ್ತಿಕೊಂಡು ಹೋಗುವ ಹಾಗಿಲ್ಲ. ಆ ವರದಿ ಅವನ ವಿರುದ್ಧದ ಸಾಕ್ಷಿ. ಅದನ್ನೇ ಹಿಡಿದು ನಿಮ್ಮನ್ನು ಹೆದರಿಸುತ್ತಿದ್ದಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ.

1956ರ ಹಿಂದೂ ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಪಾಲಕಿ. ಅವನು ಕೋರ್ಟಿಗೆ ಹೋದರೂ ನ್ಯಾಯಾಧೀಶರು ಮೊದಲು ನೋಡುವುದು ಮಗುವಿನ ಹಿತ. ಪಾಲಕನಾಗಲು ಬಂದವನ ನಡತೆಯನ್ನೂ ನೋಡಬೇಕು ಎಂದು 1890ರ ಪಾಲಕರ ಕಾಯ್ದೆಯೇ ಹೇಳುತ್ತದೆ.

ಆದರೆ ನೀವು ಕೇಳಿದ "ಪೂರ್ತಿ ರದ್ದು" ಎಂಬುದಕ್ಕೆ ನಮ್ಮಲ್ಲಿ ನೇರ ಕಾನೂನಿಲ್ಲ. ಅಮೆರಿಕದಲ್ಲಿ, ಇಂಥ ತಂದೆಯ ಹಕ್ಕನ್ನು ಕೋರ್ಟಿನಲ್ಲಿ ಕೊನೆಗಾಣಿಸಲು ತಾಯಿಗೆ ದಾರಿ ಮಾಡಿಕೊಡುವ ರಾಜ್ಯಗಳಿಗೆ 2015ರ ಕೇಂದ್ರ ಕಾಯ್ದೆ ಹೆಚ್ಚುವರಿ ಅನುದಾನ ಕೊಡುತ್ತದೆ. ನಮ್ಮಲ್ಲೂ ಅಂಥದ್ದೊಂದು ಬೇಕೇಬೇಕು.

ಅಲ್ಲಿಯವರೆಗೆ ಒಂದು ಕೆಲಸವನ್ನು ದಯವಿಟ್ಟು ಮುಂದೂಡಬೇಡಿ. ಅದೇ 6ನೇ ಸೆಕ್ಷನ್ "ತಾಯಿ, ಆಕೆಯ ನಂತರ ತಂದೆ" ಎನ್ನುತ್ತದೆ. ನಾಳೆ ನಿಮಗೇನಾದರೂ ಆದರೆ ಅವನು ಈ ಸಾಲನ್ನೇ ಹಿಡಿದು ಬರಬಹುದು. ಅದಕ್ಕೇ ಈಗಲೇ ಒಂದು ವಿಲ್ ಬರೆದಿಡಿ. ಮಗುವಿಗೆ ಪಾಲಕರು ಯಾರಾಗಬೇಕೆಂದು ವಿಲ್‌ನಲ್ಲಿ ಹೇಳುವ ಅಧಿಕಾರವನ್ನು ಅದೇ ಕಾಯ್ದೆಯ 9ನೇ ಸೆಕ್ಷನ್ ನಿಮಗೆ ಕೊಟ್ಟಿದೆ. ನಿಮ್ಮ ತಾಯಿಯೋ ಅಕ್ಕನೋ, ಮಗುವಿಗೆ ಹೊಂದಿಕೊಂಡವರ ಹೆಸರು ಹಾಕಿ. ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಇಲ್ಲದವರಿಗೆ ವಿಲ್ ಯಾಕೆ ಅಂತ ಸುಮ್ನೆ ಕೂರಬೇಡಿ. ಮಗು ಇದೆ, ಅಷ್ಟು ಸಾಕು.

ಮದುವೆಯ ಮಾತಿಗೆ ಬರೋಣ. ಬೇಡ ಅಂದರೆ ಬೇಡ, ಕಾರಣ ಕೊಡಬೇಕಾಗಿಲ್ಲ. ಇಂಥ ಪ್ರಕರಣಗಳಲ್ಲಿ ಮದುವೆ, ರಾಜಿ ಎಂದು ಕೋರ್ಟುಗಳೇ ಸಲಹೆ ಕೊಡಬಾರದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ನು ಅವನ ಮನೆಯವರಿಗೆ ಆ ಅಧಿಕಾರ ಎಲ್ಲಿಂದ ಬರಬೇಕು? ಹೇಳಿ ಕಳಿಸಿದ್ದು ಯಾರು, ಯಾವತ್ತು ಎಂದು ಬರೆದಿಡಿ. ಫೋನಿಗೆ ಬಂದ ಮೆಸೇಜುಗಳನ್ನು ಅಳಿಸಬೇಡಿ. ಎಲ್ಲವನ್ನೂ ಸರ್ಕಾರಿ ವಕೀಲರಿಗೆ ಕೊಡಿ. ಈ ಕೇಸಿನಲ್ಲಿ ನೀವೇ ಸಾಕ್ಷಿ. ಸಾಕ್ಷಿಯನ್ನು ಹೆದರಿಸುವುದು ಅವನ ಜಾಮೀನು ರದ್ದಾಗಲು ಕಾರಣವಾಗಬಹುದು.

ಶಾಲೆಗೆ ಸೇರಿಸುವಾಗ ತಂದೆಯ ಹೆಸರು ಕೇಳಿದರೆ ಅಂಜಬೇಡಿ. ತಂದೆಯ ಹೆಸರು ಹೇಳದಿದ್ದರೂ, ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ಮಗುವಿನ ಜನನ ಪ್ರಮಾಣಪತ್ರ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲೇ ಆದೇಶಿಸಿದೆ.

ಮಗುವಿನ ಖರ್ಚಿಗೆ ಅವನಿಂದ ಜೀವನಾಂಶ ಕೇಳಬಹುದು. ಹಣ ಕೊಟ್ಟ ಮಾತ್ರಕ್ಕೆ ಅವನು ಪಾಲಕನಾಗುವುದಿಲ್ಲ. ಕೇಳಲು ಮನಸ್ಸಿಲ್ಲದಿದ್ದರೆ ಬಿಡಿ, ಯಾರೂ ಬಲವಂತ ಮಾಡುವಂತಿಲ್ಲ.

ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ. 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೋದಾಗ ಮೊದಲು ವಿಲ್‌ನ ವಿಷಯವನ್ನೇ ಎತ್ತಿ.