ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಿಂದ ಕಾಪಿ ಯಾಕೆ ಇಷ್ಟು ನಿಧಾನ?

ಹೊಸ ಡಿಸ್ಕ್ ತಂದರೂ 200 ಜಿಬಿ ಕಾಪಿಗೆ ಒಂದೂವರೆ ಗಂಟೆ ಮೇಲಾಗುತ್ತೆ ಅಂತ ಕೇಳಿದ್ದೀರಿ. ಡಿಸ್ಕ್ ಬದಲಿಸುವ ಮೊದಲು ಕೇಬಲ್ ನೋಡಿ.

ನಾನು ಕೊಪ್ಪಳದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ನನಗೂ ಹೀಗೇ ಆಗಿತ್ತು. ಡಿಸ್ಕ್ ಕಡೆಯ ಅಗಲ ಪಿನ್ನು ಎರಡು ಭಾಗ ಇರುತ್ತೆ ಅಲ್ವಾ? ಅದರ ದೊಡ್ಡ ಭಾಗಕ್ಕೆ ಹಳೇ ಮೊಬೈಲ್ ಚಾರ್ಜರ್ ಕೇಬಲ್ಲೂ ಕೂರುತ್ತೆ, ಕಾಪಿಯೂ ಆಗುತ್ತೆ. ಆದರೆ ಯುಎಸ್‌ಬಿ 2.0 ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 35 ಎಂಬಿ. ಡಿಸ್ಕ್ ಜೊತೆ ಬಂದ ಕೇಬಲ್ ಹಾಕಿ ಯುಎಸ್‌ಬಿ 3.0 ಪೋರ್ಟಿಗೆ ಚುಚ್ಚಿದರೆ 100 ಎಂಬಿ ದಾಟುತ್ತೆ. ಅದೇ 200 ಜಿಬಿ ಅರ್ಧ ಗಂಟೆ ಆಸುಪಾಸಿನಲ್ಲಿ ಮುಗಿಯುತ್ತೆ.

3.0 ಪೋರ್ಟಿನ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣ ಇರುತ್ತೆ, ಇಲ್ಲವೇ ಪಕ್ಕದಲ್ಲಿ 'ಎಸ್‌ಎಸ್' ಗುರುತು. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟಿಗೇ ಹಾಕಿ. ಒಂದು ಪೋರ್ಟನ್ನು ನಾಲ್ಕಾರು ಮಾಡುವ ಅಗ್ಗದ ಹಬ್ ಬೇಡ.

ಸಾವಿರಾರು ಸಣ್ಣ ಫೋಟೋಗಳಿದ್ದರೆ ಯಾವ ಪೋರ್ಟ್ ಆದರೂ ನಿಧಾನವೇ. ತಿರುಗುವ ಡಿಸ್ಕ್ ಒಂದೊಂದು ಫೈಲಿಗೂ ಹುಡುಕಾಡಬೇಕು. ಇನ್ನೂ ಜಾಸ್ತಿ ವೇಗ ಬೇಕಂದರೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ, ಚಿಪ್‌ನಲ್ಲಿ ಫೈಲ್ ಇಡುವ ಡ್ರೈವ್ ತಗೊಳ್ಳಿ.

ನಮ್ಮ ಕಡೆ ಬೇಸಿಗೆಯಲ್ಲಿ ಡಿಸ್ಕನ್ನು ಕಿಟಕಿ ಬಿಸಿಲಲ್ಲಿ ಮಾತ್ರ ಇಡಬೇಡಿ. ಕಾಪಿ ಮುಗಿದ ಮೇಲೆ ಇಜೆಕ್ಟ್ ಮಾಡಿಯೇ ತೆಗೆಯಿರಿ.